ಇಲಿಯ ಘ್ರಾಣ ಮಿದುಳಿನ ಸ್ಲೈಡ್ ಪೆಟ್ಟಿಗೆ: ಬಲ್ಬಿಗೆ ಪೂರ್ಣ ಅಂಕ, ಕಾರ್ಟೆಕ್ಸಿಗೆ ಅರ್ಧ

ಬೋಧನಾ ಪ್ರಯೋಗಾಲಯಗಳಿಗೆಂದು ಸಿದ್ಧಪಡಿಸಿದ ಈ ಪೆಟ್ಟಿಗೆಯಲ್ಲಿ, ಪುಟ್ಟ ಇಲಿಯ ಮಿದುಳಿನಲ್ಲಿ ವಾಸನೆಯನ್ನು ಗ್ರಹಿಸುವ ಭಾಗಗಳ 12 ಸ್ಲೈಡ್‌ಗಳಿವೆ. ಅವುಗಳಲ್ಲಿ 10 ಕ್ರೆಸಿಲ್ ವೈಲೆಟ್ ಬಣ್ಣ ಕಟ್ಟಿ ಕೋಶಕಾಯಗಳನ್ನು ನೇರಳೆಯಾಗಿ ತೋರಿಸುವ ನಿಸ್ಲ್ ಸ್ಲೈಡ್‌ಗಳು, ಒಂದು ಕೆಲವೇ ಕೋಶಗಳನ್ನು ಕೊಂಬೆಗಳ ಸಮೇತ ಕಪ್ಪಾಗಿಸುವ ಗಾಲ್ಗಿ ವಿಧಾನದ್ದು, ಇನ್ನೊಂದು ಡೋಪಮೀನ್ ತಯಾರಿಸುವ ಕೋಶಗಳನ್ನು ಪ್ರತಿಕಾಯದ ನೆರವಿನಿಂದ ಕಂದು ಬಣ್ಣದಲ್ಲಿ ತೋರಿಸುವಂಥದ್ದು. ಮೂಗಿನಿಂದ ವಾಸನೆಯ ಸಂಕೇತ ಮೊದಲು ಬಂದು ಸೇರುವ ಘ್ರಾಣ ಬಲ್ಬನ್ನು ಕಲಿಸುವವರು ಇದನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಬಲ್ಬಿನಿಂದ ಆ ಸಂಕೇತವನ್ನು ಪಡೆಯುವ ಪಿರಿಫಾರ್ಮ್ ಕಾರ್ಟೆಕ್ಸಿಗಾಗಿ ಕೊಳ್ಳುವವರು ಸ್ವಲ್ಪ ಯೋಚಿಸಬೇಕು.

ಬಲ್ಬಿನ ಅಡ್ಡ ಸೆಕ್ಷನ್ನನ್ನು 4 ಪಟ್ಟಿನ ಲೆನ್ಸಿನಡಿ ಇಟ್ಟ ತಕ್ಷಣ ಪದರಗಳು ಒಂದರೊಳಗೊಂದು ಬಳೆ ತೊಡಿಸಿದಂತೆ ಕಾಣುತ್ತವೆ: ಹೊರಗೆ ಘ್ರಾಣನರದ ಎಳೆಗಳು, ಅದರ ಒಳಗೆ ಆ ಎಳೆಗಳು ಬಲ್ಬಿನ ಕೋಶಗಳನ್ನು ಸಂಧಿಸುವ ಉರುಟು ಗಂಟುಗಳಾದ ಗ್ಲೋಮೆರುಲಸ್‌ಗಳ ಸಾಲು, ಬಳಿಕ ಕೋಶಗಳು ವಿರಳವಾಗಿರುವ ಹೊರ ಪ್ಲೆಕ್ಸಿಫಾರ್ಮ್ ಪದರ, ಸಂಕೇತವನ್ನು ಬಲ್ಬಿನಿಂದ ಮುಂದಕ್ಕೆ ಒಯ್ಯುವ ಮೈಟ್ರಲ್ ಕೋಶಗಳ ತೆಳು ಗೆರೆ, ಕಿರಿದಾದ ಒಳ ಪ್ಲೆಕ್ಸಿಫಾರ್ಮ್ ಪದರ, ನಡುವೆ ಗ್ರ್ಯಾನ್ಯೂಲ್ ಎಂಬ ಚಿಕ್ಕ ಕೋಶಗಳ ದಟ್ಟ ಗುಂಪುಗಳು. ಒಂದೊಂದು ಬಲ್ಬಿನಲ್ಲಿ ಸುಮಾರು 2000 ಗ್ಲೋಮೆರುಲಸ್‌ಗಳಿದ್ದು, ಒಂದೇ ಬಗೆಯ ಗ್ರಾಹಕವನ್ನು ಹೊತ್ತ ನರಕೋಶಗಳ ಎಳೆಗಳೆಲ್ಲ ಸಾಮಾನ್ಯವಾಗಿ ಅವುಗಳಲ್ಲಿ ಎರಡಕ್ಕೆ ಮಾತ್ರ ಬಂದು ಸೇರುತ್ತವೆ. ಇಲಿಯ ಘ್ರಾಣ ಗ್ರಾಹಕಗಳ ಬಗೆಗಳು 1000ಕ್ಕೂ ಹೆಚ್ಚು. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಈ ಜೀನ್ ಕುಟುಂಬವನ್ನು 1991ರಲ್ಲಿ ಗುರುತಿಸಿ, ಅದಕ್ಕಾಗಿ 2004ರಲ್ಲಿ ನೊಬೆಲ್ ಪಡೆದರು. ನಿಸ್ಲ್ ಬಣ್ಣ ಕೋಶಕಾಯಕ್ಕೆ ಮಾತ್ರ ಹಿಡಿಯುವುದರಿಂದ, ಗ್ಲೋಮೆರುಲಸ್ ಇಲ್ಲಿ ಸುತ್ತಲೂ ಚಿಕ್ಕ ಕೋಶಗಳಿಂದ ಆವೃತವಾದ ಒಂದು ಮಸುಕು ಉರುಟಾಗಿಯಷ್ಟೇ ಕಾಣುತ್ತದೆ. ಅದು ಖಾಲಿಯಿದೆಯೆಂದು ವಿದ್ಯಾರ್ಥಿ ತಿಳಿಯದಂತೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ತಯಾರಕರ ಕೈಚಳಕ ಗೊತ್ತಾಗುವುದು ಮೈಟ್ರಲ್ ಪದರದಲ್ಲಿ. ಹೆಚ್ಚುಕಡಿಮೆ ಒಂದೇ ಕೋಶದಷ್ಟು ದಪ್ಪವಿರುವ ಈ ಪದರ, ಸೆಕ್ಷನ್ ಸ್ವಲ್ಪ ಓರೆಯಾದರೂ ಚದುರಿಹೋಗುತ್ತದೆ. ಇಲ್ಲಿ ಗೆರೆ ಎಲ್ಲಿಯೂ ಕಡಿದಿಲ್ಲ. 40 ಪಟ್ಟಿನ ಲೆನ್ಸಿನಲ್ಲಿ ದೊಡ್ಡ ಕೋಶಕಾಯ, ತಿಳಿಯಾದ ನ್ಯೂಕ್ಲಿಯಸ್, ಅದರ ನಡುವಿನ ಕಡುನೀಲಿ ನ್ಯೂಕ್ಲಿಯೋಲಸ್ ಮೂರೂ ನಿಚ್ಚಳವಾಗಿವೆ. ಡೋಪಮೀನ್ ಸ್ಲೈಡಿನಲ್ಲಿ ಗ್ಲೋಮೆರುಲಸ್ ಸುತ್ತಲಿನ ಕೋಶಗಳಲ್ಲಿ ಕೆಲವು ಮಾತ್ರ ಕಂದಾಗಿವೆ. ನಿಸ್ಲ್ ಬಣ್ಣದಲ್ಲಿ ಒಂದೇ ಬಗೆಯವೆಂದು ತೋರಿದ ಆ ಕೋಶಗಳು ಹಾಗಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ತರಗತಿಗೆ ಬೇಕಾಗಿಲ್ಲ.

ಗಾಲ್ಗಿ ಸ್ಲೈಡ್ ಪೆಟ್ಟಿಗೆಯ ಅತ್ಯುತ್ತಮ ವಸ್ತು. ಕಮಿಲ್ಲೊ ಗಾಲ್ಗಿ 1873ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿ, ಎರಡೇ ವರ್ಷಗಳಲ್ಲಿ ಅದನ್ನು ಪ್ರಯೋಗಿಸಿದ್ದು ಘ್ರಾಣ ಬಲ್ಬಿನ ಮೇಲೆಯೇ ಎಂಬುದನ್ನು ನೆನೆದರೆ ಈ ಆಯ್ಕೆಗೆ ಇನ್ನಷ್ಟು ಔಚಿತ್ಯ ಬರುತ್ತದೆ. ಕೆಲವೇ ಕೋಶಗಳು ಕಪ್ಪಾಗುವುದರಿಂದ ಅವುಗಳ ಕೊಂಬೆಗಳನ್ನು ಕೊನೆಯವರೆಗೂ ಹಿಂಬಾಲಿಸಬಹುದು. ಗ್ರ್ಯಾನ್ಯೂಲ್ ಕೋಶಕ್ಕೆ ಆಕ್ಸಾನ್, ಅಂದರೆ ಸಂಕೇತವನ್ನು ಹೊರಕ್ಕೆ ಒಯ್ಯುವ ಎಳೆ, ಇಲ್ಲ. ಅದರ ಡೆಂಡ್ರೈಟು (ಕೋಶದ ಕೊಂಬೆ) ಮೇಲೇರಿ ಹೊರ ಪ್ಲೆಕ್ಸಿಫಾರ್ಮ್ ಪದರದಲ್ಲಿ ಮೈಟ್ರಲ್ ಕೋಶದ ಅಡ್ಡ ಡೆಂಡ್ರೈಟುಗಳನ್ನು ಸಂಧಿಸುತ್ತದೆ, ಅಲ್ಲಿ ಸಂಕೇತ ಎರಡೂ ದಿಕ್ಕಿಗೆ ಸಾಗುತ್ತದೆ. ಗ್ರ್ಯಾನ್ಯೂಲ್ ಕೋಶದ ಡೆಂಡ್ರೈಟಿನ ಮೇಲಿನ ಸಣ್ಣ ಮುಳ್ಳುಗಳೂ ಇಲ್ಲಿ ಕಾಣುತ್ತವೆ. ಸೆಕ್ಷನ್ ದಪ್ಪವಾದ್ದರಿಂದ ಸೂಕ್ಷ್ಮ ಫೋಕಸ್ ತಿರುಪನ್ನು ತಿರುಗಿಸುತ್ತಲೇ ಇರಬೇಕು, ಅಷ್ಟೇ.

ಪಿರಿಫಾರ್ಮ್ ಕಾರ್ಟೆಕ್ಸಿಗೆ ಬಂದಾಗ ಜಿಪುಣತನ ಕಣ್ಣಿಗೆ ಹೊಡೆಯುತ್ತದೆ. ಕೊಟ್ಟಿರುವುದು ಮುಂಭಾಗದ ಒಂದೇ ನಿಸ್ಲ್ ಸೆಕ್ಷನ್. ಮೂರು ಪದರಗಳೂ, ಎರಡನೆಯದರ ದಟ್ಟ ಪಟ್ಟಿಯೂ ಸ್ಪಷ್ಟವಾಗಿವೆ, ನಿಜ. ಆದರೆ ಈ ಕಾರ್ಟೆಕ್ಸಿನ ಸ್ವಾರಸ್ಯವಿರುವುದು ಹೋಲಿಕೆಯಲ್ಲಿ. ಮುಂಭಾಗದ ಮೇಲ್ಪದರದಲ್ಲಿ ಬಲ್ಬಿನಿಂದ ನೇರವಾಗಿ ಬರುವ ಎಳೆಗಳ ಪಾಲು ಹೆಚ್ಚು. ಹಿಂದಕ್ಕೆ ಹೋದಂತೆ ಆ ಉಪಪದರ ತೆಳುವಾಗಿ, ಕಾರ್ಟೆಕ್ಸಿನೊಳಗಿನ ಸಂಪರ್ಕಗಳ ಉಪಪದರ ಮೇಲುಗೈ ಪಡೆಯುತ್ತದೆ. ಹಿಂಭಾಗದ ಒಂದು ಸೆಕ್ಷನ್ ಇಲ್ಲದೆ ಇದನ್ನು ಬಾಯಲ್ಲಿ ಹೇಳಬೇಕಷ್ಟೆ. ಎರಡನೆಯ ಪದರದ ಹೊರ ಅಂಚಿನ ಅರ್ಧಚಂದ್ರಾಕಾರದ ಕೋಶಗಳಿಗೆ ಬುಡದ ಡೆಂಡ್ರೈಟುಗಳಿಲ್ಲ, ಅವುಗಳ ಕೆಳಗಿನ ಪಿರಮಿಡ್ ಕೋಶಗಳಿಗೆ ಇವೆ. ಈ ವ್ಯತ್ಯಾಸವನ್ನು ನಿಸ್ಲ್ ಬಣ್ಣದಿಂದ ತೋರಿಸುವುದು ಸಾಧ್ಯವೇ ಇಲ್ಲ. ಬಲ್ಬಿನ ನಿಸ್ಲ್ ಸ್ಲೈಡ್‌ಗಳಲ್ಲಿ ಎರಡನ್ನು ಬಿಟ್ಟು, ಆ ಜಾಗದಲ್ಲಿ ಕಾರ್ಟೆಕ್ಸಿನ ಗಾಲ್ಗಿ ಸ್ಲೈಡ್ ಒಂದನ್ನೂ ಹಿಂಭಾಗದ ಸೆಕ್ಷನ್ ಒಂದನ್ನೂ ಇಟ್ಟಿದ್ದರೆ ಯಾರಿಗೂ ನಷ್ಟವಾಗುತ್ತಿರಲಿಲ್ಲ.

ಮಿದುಳಿನ ಅಡಿಯಲ್ಲಿರುವ ಉಬ್ಬಾದ ಘ್ರಾಣ ಟ್ಯೂಬರ್ಕಲ್‌ನ ಸ್ಲೈಡಿನಲ್ಲಿ ಕಲೇಹಾ ದ್ವೀಪಗಳೆಂಬ ಪುಟ್ಟ ಕೋಶಗಳ ಗೊಂಚಲುಗಳು ಚೆನ್ನಾಗಿ ಮೂಡಿವೆ. ಬಲ್ಬಿನ ಹಿಂದಿರುವ ಕೋಶಗುಂಪಾದ ಮುಂಭಾಗದ ಘ್ರಾಣ ನ್ಯೂಕ್ಲಿಯಸ್‌ನ ಸ್ಲೈಡ್ ಸಾಧಾರಣ.

ಜೊತೆಗಿರುವ ಕೈಪಿಡಿಯ ಚಿತ್ರಗಳು ಚೊಕ್ಕವಾಗಿವೆ, ಆದರೆ ಅಳತೆಗೆರೆ ಹಾಕಿಲ್ಲ. ಪೆಟ್ಟಿಗೆಯ ಸಂದುಗಳು ಸ್ಲೈಡನ್ನು ನೆಟ್ಟಗೆ ನಿಲ್ಲಿಸುವಂತಿರುವುದರಿಂದ, ರಾಳ ದಪ್ಪಗಿರುವ ಗಾಲ್ಗಿ ಸ್ಲೈಡನ್ನು ತೆಗೆದು ಬೇರೆಡೆ ಮಲಗಿಸಿ ಇಡುವುದು ಕ್ಷೇಮ. ನಿಸ್ಲ್ ಸ್ಲೈಡುಗಳ ನೇರಳೆ ಬಣ್ಣ ಬೆಳಕಿಗೆ ಮಾಸುವುದರಿಂದ ಅವನ್ನು ಮೇಜಿನ ಮೇಲೆ ತೆರೆದಿಡಬಾರದು.