ಕೂಲಂಟ್ ಡ್ರಮ್ ಕೊಳ್ಳುವ ಮುನ್ನ ನಿಮ್ಮದೇ ಬೋರ್‌ವೆಲ್ ನೀರಿನಲ್ಲಿ ಬೆರೆಸಿ ನೋಡಿ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಭಾಗಗಳಲ್ಲಿ ಲೇತ್ ಅಥವಾ ಸಿಎನ್‌ಸಿ ಯಂತ್ರ ನಡೆಸುವವರು ದಯವಿಟ್ಟು ಇದನ್ನು ಓದಬೇಕು. ಲೋಹ ಕತ್ತರಿಸುವಾಗ ತಂಪಾಗಿಡಲು ನೀರಿನಲ್ಲಿ ಬೆರೆಸಿ ಹರಿಸುವ ಎಣ್ಣೆಯನ್ನು, ಅಂದರೆ ಕೂಲಂಟ್ ಆಯಿಲನ್ನು, ಸುರಕ್ಷತಾ ಮಾಹಿತಿ ಹಾಳೆಯೇ ಇಲ್ಲದ ಡ್ರಮ್‌ಗಳಲ್ಲಿ ಅಗ್ಗದ ದರ ಹೇಳಿ ಮಾರುವವರು ಈಗಲೂ ಶಾಪ್‌ನಿಂದ ಶಾಪ್‌ಗೆ ತಿರುಗುತ್ತಿದ್ದಾರೆ. ಅಂಥದೊಂದು ಡ್ರಮ್ ನಮ್ಮಲ್ಲಿ ಮಾಡಿದ ಹಾನಿ ಸಣ್ಣದಲ್ಲ.

ನಮ್ಮದು ಬೀಡು ಕಬ್ಬಿಣದ ವಾಲ್ವ್ ಬಾಡಿಗಳ ಟರ್ನಿಂಗ್ ಕೆಲಸ. ಮಾರಾಟಗಾರ ತಾನೇ ತಂದಿದ್ದ ಕುಡಿಯುವ ನೀರಿನ ಬಾಟಲಿಯಲ್ಲಿ ಎಣ್ಣೆ ಬೆರೆಸಿ ತೋರಿಸಿದಾಗ ಅದು ಹಾಲಿನಂತೆ ಬೆಳ್ಳಗೆ ನಿಂತಿತು, ಶೇ. 3ರಷ್ಟು ಹಾಕಿದರೆ ಸಾಕೆಂದೂ ಆತ ಭರವಸೆ ಕೊಟ್ಟ. ಆದರೆ ನಮ್ಮ ಟ್ಯಾಂಕಿಗೆ ಹೋಗುವುದು ಬೋರ್‌ವೆಲ್‌ನ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಎಣ್ಣೆಯನ್ನು ನೀರಿನೊಂದಿಗೆ ಹಿಡಿದಿಡುವ ಸಾಬೂನಿನಂಥ ಅಂಶದೊಡನೆ ಸೇರಿ ಕರಗದ ಜಿಡ್ಡಾಗುತ್ತವೆ. ಕೆಲವೇ ವಾರಗಳಲ್ಲಿ ಟ್ಯಾಂಕಿನ ಮೇಲೆ ಕೆನೆಗಟ್ಟಿತು, ಫಿಲ್ಟರ್ ಕಟ್ಟಿಕೊಂಡಿತು, ರಾತ್ರಿ ಟೇಬಲ್ ಮೇಲಿಟ್ಟ ಕಾಸ್ಟಿಂಗ್‌ಗಳು ಬೆಳಿಗ್ಗೆ ತುಕ್ಕು ಹಿಡಿದಿದ್ದವು. ಗಿರಾಕಿ ಆ ಲಾಟನ್ನೇ ಹಿಂದಕ್ಕೆ ಕಳುಹಿಸಿದರು. ವಾರದ ರಜೆ ಮುಗಿಸಿ ಯಂತ್ರ ಚಾಲೂ ಮಾಡಿದರೆ ಕೊಳೆತ ಮೊಟ್ಟೆಯ ವಾಸನೆ. ನನಗೆ ಹೆಚ್ಚು ನೋವಾದದ್ದು ನಮ್ಮ ಆಪರೇಟರ್‌ಗಳ ಕೈಗಳನ್ನು ಕಂಡು: ಬೆರಳ ಸಂದುಗಳೆಲ್ಲ ಕೆಂಪಾಗಿ ತುರಿಕೆ ಹತ್ತಿತ್ತು. ಮಾರಾಟಗಾರ ಮಾತ್ರ ಹುಡುಗರು ಸರಿಯಾಗಿ ಬೆರೆಸಿಲ್ಲವೆಂದು ಹೇಳಿ ಕೈ ತೊಳೆದುಕೊಂಡ.

ವಾಸನೆಗೆ ಫಿನಾಯಿಲ್ ಸುರಿಯುವ ರೂಢಿ ನಮ್ಮ ಕಡೆ ಇದೆ. ಅದನ್ನು ಖಂಡಿತ ಮಾಡಬೇಡಿ, ಅದು ಚರ್ಮಕ್ಕೆ ಇನ್ನಷ್ಟು ಕೆಟ್ಟದ್ದು. ಯಂತ್ರದ ಜಾರುವ ಭಾಗಗಳಿಗೆ ಹಾಕುವ ಸ್ಲೈಡ್‌ವೇ ಆಯಿಲ್ ಸೋರಿ ಕೂಲಂಟ್ ಮೇಲೆ ಪದರವಾಗಿ ನಿಂತಾಗ ಗಾಳಿ ಒಳಗಿಳಿಯದೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಇಳಿಯುತ್ತದೆ, ಅದರ ಬೆನ್ನಿಗೇ ತುಕ್ಕು ಬರುತ್ತದೆ. ಆ ಪದರವನ್ನು ತೆಗೆಯುತ್ತಿರಬೇಕು, ಪಿಎಚ್ ಸಾಮಾನ್ಯವಾಗಿ 8.5ರಿಂದ 9.5ರೊಳಗೆ ಇರಬೇಕು. ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ಗಡಸುತನ ಕಳೆಯುತ್ತದಾದರೂ ನೀರಿನಲ್ಲಿರುವ ಕ್ಲೋರೈಡನ್ನು ತೆಗೆಯುವುದಿಲ್ಲ, ಹಾಗಾಗಿ ತುಕ್ಕಿನ ಭಯ ಉಳಿಯುತ್ತದೆ. ಆವಿಯಾದ ನೀರನ್ನು ತುಂಬಿಸಲು ಆರ್‌ಒ ನೀರೇ ಮೇಲು.

ಆದ್ದರಿಂದ ಡ್ರಮ್ ಇಳಿಸಿಕೊಳ್ಳುವ ಮೊದಲು ಒಂದು ಲೀಟರ್ ಮಾದರಿ ಕೇಳಿ. ಗಾಜಿನ ಬಾಟಲಿಯಲ್ಲಿ ನಿಮ್ಮ ನೀರನ್ನು ಮೊದಲು ಹಾಕಿ, ಅದಕ್ಕೆ ಎಣ್ಣೆಯನ್ನು ಕಲಕುತ್ತಾ ಬೆರೆಸಿ (ಎಣ್ಣೆಗೆ ನೀರು ಸುರಿಯಬಾರದು), ಒಂದು ದಿನ ಅಲುಗಾಡಿಸದೆ ಬಿಡಿ. ಮೇಲೆ ಎಣ್ಣೆಯೋ ಕೆನೆಯೋ ಬೇರ್ಪಟ್ಟರೆ ಅದು ನಿಮ್ಮ ನೀರಿಗೆ ಹೊಂದುವುದಿಲ್ಲ. ಬೀಡು ಕಬ್ಬಿಣದ ಚೂರುಗಳನ್ನು ಫಿಲ್ಟರ್ ಪೇಪರ್ ಮೇಲೆ ಹರಡಿ ಅದೇ ದ್ರಾವಣದಿಂದ ನೆನೆಸಿಟ್ಟರೆ, ಕಾಗದದ ಮೇಲೆ ಬೀಳುವ ಕಲೆ ತುಕ್ಕಿನ ಪ್ರಮಾಣವನ್ನು ಹೇಳುತ್ತದೆ.

ದ್ರಾವಣದಲ್ಲಿ ಎಣ್ಣೆ ಎಷ್ಟಿದೆಯೆಂದು ಅಳೆಯುವ ರಿಫ್ರಾಕ್ಟೋಮೀಟರ್‌ನ ಅಂಕಿಯನ್ನು ಯಾವ ಗುಣಕದಿಂದ ಗುಣಿಸಬೇಕೆಂದೂ ಬರೆಸಿಕೊಳ್ಳಿ, ಗುಣಕ 1.5 ಇದ್ದರೆ ಮೀಟರ್ 4 ತೋರಿಸಿದಾಗ ನಿಜವಾದ ಪ್ರಮಾಣ ಶೇ. 6. ಸುರಕ್ಷತಾ ಮಾಹಿತಿ ಹಾಳೆಯಲ್ಲಿ ನೈಟ್ರೈಟ್ ಮತ್ತು ಡೈಎಥನಾಲಮೈನ್ ಎಂಬ ರಾಸಾಯನಿಕಗಳು ಎರಡೂ ಇವೆಯೇ ಎಂದು ತಪ್ಪದೆ ನೋಡಿ, ಏಕೆಂದರೆ ಅವೆರಡೂ ಸೇರಿದರೆ ಕ್ಯಾನ್ಸರ್‌ಕಾರಕವಾದ ನೈಟ್ರೋಸಮೈನ್ ಹುಟ್ಟಬಹುದು. ಆ ಹಾಳೆ ಕೊಡಲು ಹಿಂಜರಿಯುವವರಿಂದ ಮಾದರಿಯನ್ನೂ ಪಡೆಯಬೇಡಿ.