ಅಮ್ಮನ ಮರೆವಿಗೆ ವಿಟಮಿನ್ ಇ ಮಾತ್ರೆಯೋ, ಮಾರ್ಕೆಟ್ಟಿನ ಸೊಪ್ಪೋ?

ಅಮ್ಮ ದಿನಾ ಕನ್ನಡಕ ಹುಡುಕುತ್ತಾರೆ. 'ವಿಟಮಿನ್ ಇ ಕೊಡಿ, ಮಿದುಳಿಗೆ ಒಳ್ಳೇದು' ಅಂತ ಪಕ್ಕದ ಮನೆಯವರು ಹೇಳಿದರು. ಕೊಳ್ಳುವ ಮೊದಲು ಸ್ವಲ್ಪ ಓದಿದೆ.

ಸ್ವಲ್ಪ ಮರೆವು ಶುರುವಾದವರಿಗೆ ದಿನಕ್ಕೆ 2000 ಯೂನಿಟ್ ವಿಟಮಿನ್ ಇ ಕೊಟ್ಟು ಸಂಶೋಧಕರು ಮೂರು ವರ್ಷ ನೋಡಿದರು. ನೆನಪು ಕುಗ್ಗಿಸುತ್ತಾ ಹೋಗುವ ಮಿದುಳಿನ ಕಾಯಿಲೆ ಅಲ್ಜೈಮರ್ಸ್ ಅನ್ನು ಅದು ತಡೆಯಲಿಲ್ಲ ಅಂತ 2005ರಲ್ಲಿ ಗೊತ್ತಾಯಿತು. ಆಗಲೇ ಅಲ್ಜೈಮರ್ಸ್ ಇದ್ದವರ ಮೇಲಿನ 2014ರ ಅಧ್ಯಯನದಲ್ಲಿ ಮಾತ್ರ, ದಿನನಿತ್ಯದ ಕೆಲಸ ಮಾಡುವ ಶಕ್ತಿ ಕುಗ್ಗುವುದು ಸ್ವಲ್ಪ ನಿಧಾನವಾಯಿತು. ನೆನಪು ಸುಧಾರಿಸಲಿಲ್ಲ. ಅಪಾಯವೂ ಇದೆ. ದಿನಕ್ಕೆ 400 ಯೂನಿಟ್ ತಗೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಜಾಸ್ತಿ ಕಂಡಿತು. ರಕ್ತ ತೆಳು ಮಾಡುವ ಮಾತ್ರೆ ನುಂಗುವವರಿಗೆ ರಕ್ತಸ್ರಾವದ ಭಯ ಬೇರೆ.

ಅರಿಶಿನದ ಕ್ಯಾಪ್ಸೂಲ್? ಅದರ ಮುಖ್ಯ ಅಂಶ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಡಿಮೆ. ಸಾರಿಗೆ ಹಾಕಿದರೆ ಸಾಕು.

ಇನ್ನು ನಮ್ಮ ಮೈಸೂರಿನ ದೇವರಾಜ ಮಾರ್ಕೆಟ್. ಬೆಳಿಗ್ಗೆ ಹೋದರೆ ನೀರು ಚಿಮುಕಿಸಿದ ದಂಟು, ಮೆಂತ್ಯ, ನುಗ್ಗೆಸೊಪ್ಪಿನ ಕಟ್ಟುಗಳು. ಕಾಂಡ ಮುರಿದರೆ ಪಟ್ ಅನ್ನಬೇಕು, ಆಗ ತಾಜಾ. ನೆಲ್ಲಿಕಾಯಿಯಲ್ಲಿ ವಿಟಮಿನ್ ಸಿ, ಕಡಲೆಕಾಯಿಯಲ್ಲಿ ವಿಟಮಿನ್ ಇ ಚೆನ್ನಾಗಿದೆ. ಸೊಪ್ಪು ಜಾಸ್ತಿ ತಿನ್ನುವವರಲ್ಲಿ ನೆನಪು ನಿಧಾನವಾಗಿ ಕುಗ್ಗಿದ್ದು ಕಂಡಿದೆ. ಸೊಪ್ಪಿನಿಂದಲೇ ಅಂತ ಖಚಿತವಾಗಿ ಹೇಳಲಾಗದು, ಆದರೂ ನನ್ನ ಮತ ಇದಕ್ಕೇ. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತಗೊಳ್ಳುವವರು ಮಾತ್ರ ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬೇಡಿ, ಡಾಕ್ಟರನ್ನು ಕೇಳಿ.

ಕ್ಯಾಪ್ಸೂಲಿನ ದುಡ್ಡಲ್ಲಿ ಅಮ್ಮನಿಗೆ ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸುತ್ತಿದ್ದೇನೆ. ಇವೆರಡರ ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ.