ಹೆಬ್ಬಾತಿನ ಮೇಲೆ ಕೂತ ಅಫ್ರೊಡೈಟಿ: ಅಥೆನ್ಸಿನಿಂದ ತಂದ ಬಟ್ಟಲು

ಅಥೆನ್ಸಿನ ಪ್ಲಾಕಾದಲ್ಲಿ, ಒಂದು ಸಣ್ಣ ಅಂಗಡಿಯಲ್ಲಿ 85 ಯೂರೋ ಕೊಟ್ಟು ಈ ಬಟ್ಟಲು ಕೊಂಡೆ. ಹಳೆ ಗ್ರೀಕರ ಕುಡಿಯುವ ಬಟ್ಟಲಿನ ನಕಲು ಇದು. ಅಗಲ ಬಾಯಿ, ಎರಡು ಹಿಡಿ, ಕೆಳಗೊಂದು ಕಾಲು. ಒಳಗೆ ಬಿಳಿ ನೆಲದ ಮೇಲೆ ಹೆಬ್ಬಾತು ಹಾರುತ್ತಿದೆ. ಅದರ ಬೆನ್ನ ಮೇಲೆ ಪ್ರೇಮದೇವತೆ ಅಫ್ರೊಡೈಟಿ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂತಿದ್ದಾಳೆ. ಕೈಯಲ್ಲಿ ಬಳ್ಳಿ. ನಮಗೆ ತಕ್ಷಣ ಸರಸ್ವತಿಯ ಹಂಸ ನೆನಪಾಗುತ್ತದೆ, ಅಲ್ವಾ? ಕತೆ ಬೇರೆಯೇ. ಆದರೂ ಅಂಗಡಿಯಲ್ಲಿ ನನ್ನ ಕಾಲು ನಿಂತಿದ್ದು ಅದಕ್ಕೇ.

ಅಸಲಿ ಬಟ್ಟಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ರೋಡ್ಸ್ ದ್ವೀಪದ ಕಾಮಿರೋಸ್‌ನಲ್ಲಿ ಸಿಕ್ಕಿದ್ದು, ಕ್ರಿ.ಪೂ. 460ರ ಸುಮಾರಿನದು. ಬರೆದವನ ಹೆಸರು ತಿಳಿಯದು. ಪಿಸ್ಟಾಕ್ಸೆನಸ್ ಎಂಬ ಕುಂಬಾರನ ಪಾತ್ರೆಯ ಮೇಲೂ ಅವನ ಕೈ ಕಂಡಿದ್ದರಿಂದ ಪಿಸ್ಟಾಕ್ಸೆನಸ್ ಚಿತ್ರಕಾರ ಅಂತ ಕರೆಯುತ್ತಾರೆ. ಮಗಳು ಲಂಡನ್ನಿನಲ್ಲಿದ್ದಾಳೆ, ಹಾಗಾಗಿ ಅದನ್ನು ಎರಡು ಸಲ ನೋಡಿದ್ದೇನೆ. ಹೈಸ್ಕೂಲಿನಲ್ಲಿ 31 ವರ್ಷ ಡ್ರಾಯಿಂಗ್ ಹೇಳಿಕೊಟ್ಟವಳು ನಾನು. ನನ್ನ ಕಣ್ಣು ಮೊದಲು ಹೋಗುವುದು ಗೆರೆಯ ಮೇಲೆ.

ನಕಲಿನಲ್ಲಿ ಮುಖ ಚೆನ್ನಾಗಿ ಬಂದಿದೆ. ಹಣೆಯಿಂದ ಮೂಗಿಗೆ ಇಳಿಯುವ ಗೆರೆಯಲ್ಲಿ ಕೈ ಎಲ್ಲೂ ತಡವರಿಸಿಲ್ಲ. ತಲೆಗೆ ಕಟ್ಟಿದ ಬಟ್ಟೆ, ಸೀರೆಯ ನೆರಿಗೆಯ ಹಾಗೆ ಬೀಳುವ ಉಡುಪು, ಎಲ್ಲ ಸರಿ. ತಪ್ಪಿದ್ದು ಹಕ್ಕಿಯಲ್ಲಿ. ಅಸಲಿಯಲ್ಲಿ ಹೆಬ್ಬಾತು ತೆಳು ಗೆರೆಗಳಲ್ಲೇ ಮುಗಿದಿದೆ. ಮೇಲೆ ಒಬ್ಬಳು ಕೂತಿದ್ದರೂ ಅದಕ್ಕೆ ಭಾರವೇ ಇಲ್ಲ. ಇಲ್ಲಿ ರೆಕ್ಕೆಗೆ ಕಂದು ಬಣ್ಣ ತುಂಬಿಬಿಟ್ಟಿದ್ದಾರೆ. ಕತ್ತೂ ದಪ್ಪವಾಯಿತು. ಹಾರಬೇಕಾದ ಹಕ್ಕಿ ಮಣೆಯಾಗಿ ಕೂತಿದೆ. ಇದು ನನಗೆ ನಿಜಕ್ಕೂ ಬೇಸರ ತಂದಿತು, ಯಾಕೆಂದರೆ ಈ ಚಿತ್ರದ ಜೀವ ಇರುವುದೇ ಆ ಹಗುರದಲ್ಲಿ.

ಅಕ್ಷರವನ್ನೂ ಅರ್ಧ ಬಿಟ್ಟಿದ್ದಾರೆ. ಅಸಲಿಯಲ್ಲಿ ದೇವತೆಯ ಹೆಸರಿನ ಜೊತೆಗೆ ‘ಗ್ಲಾಕಾನ್ ಚೆಲುವ’ ಅಂತಲೂ ಇದೆ. ಆ ಕಾಲದ ಅಥೆನ್ಸಿನಲ್ಲಿ ಚೆಂದದ ಹುಡುಗರನ್ನು ಹೀಗೆ ಬಟ್ಟಲ ಮೇಲೆ ಹೊಗಳುತ್ತಿದ್ದರು. ನಕಲಿನಲ್ಲಿ ಅಫ್ರೊಡೈಟಿಯ ಹೆಸರು ಮಾತ್ರ ಉಳಿದಿದೆ.

ಮಣ್ಣಿನ ಕೆಲಸ ಮಾತ್ರ ಗಟ್ಟಿ. ಗ್ರೀಕರ ಆ ಹೊಳೆಯುವ ಕಪ್ಪು ನಿಜವಾಗಿ ಬಣ್ಣವಲ್ಲ, ಕಬ್ಬಿಣದ ಅಂಶ ಇರುವ ನುಣ್ಣನೆ ಜೇಡಿಮಣ್ಣಿನ ಲೇಪ. ಗೂಡಿಗೆ ಮೊದಲು ಗಾಳಿ ಬಿಡಬೇಕು, ಆಮೇಲೆ ಮುಚ್ಚಬೇಕು, ಕೊನೆಗೆ ಮತ್ತೆ ಗಾಳಿ ಬಿಡಬೇಕು. ಆಗ ಲೇಪ ಕಪ್ಪಾಗೇ ಉಳಿದು, ಬರೀ ಮಣ್ಣು ಕೆಂಪಾಗುತ್ತದೆ. ಈ ಬಟ್ಟಲಿನ ಹೊರಗಿನ ಕಪ್ಪನ್ನು ಹಾಗೆಯೇ ಸುಟ್ಟಿದ್ದು ಅಂತ ಅಂಗಡಿಯ ಹೆಂಗಸು ಹೇಳಿದರು. ರೂಮಿಗೆ ಬಂದು ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಒಂಚೂರೂ ಬಿಡಲಿಲ್ಲ. ಒಳಗಿನ ಚಿತ್ರ ಆಮೇಲೆ ಬರೆದದ್ದು, ಏನನ್ನೂ ಹಾಕಿ ಕುಡಿಯಬೇಡಿ ಅಂತಲೂ ಅವರೇ ಎಚ್ಚರಿಸಿದರು. ಹಾಗೆ ನೋಡಿದರೆ ಅಸಲಿಯಲ್ಲೂ ಬಿಳಿ ಲೇಪ ಬಲು ನಾಜೂಕು, ದಿನಾ ಬಳಸಿದರೆ ತಾಳುವಂಥದ್ದಲ್ಲ.

ಮಗಳಿಗೆ ಅಂತ 20 ಯೂರೋದ ಒಂದು ಪುಟ್ಟ ತಟ್ಟೆಯನ್ನೂ ತಂದೆ. ಅದರಲ್ಲಿ ಸೈರನ್, ಹೆಣ್ಣಿನ ತಲೆ, ಹಕ್ಕಿಯ ಮೈ. ಇಟಲಿಯ ವುಲ್ಚಿಯಲ್ಲಿ ಸಿಕ್ಕಿದ ದೊಡ್ಡ ಪಾತ್ರೆಯ ಚಿತ್ರದಿಂದ ತೆಗೆದದ್ದು, ಅದೂ ಅದೇ ಮ್ಯೂಸಿಯಂನಲ್ಲಿದೆ. ಹಾಡಿ ನಾವಿಕರನ್ನು ಸಾವಿಗೆ ಸೆಳೆಯುವವರು ಈ ಸೈರನ್‌ಗಳು. ಗ್ರೀಕ್ ಕತೆಯ ವೀರ ಒಡಿಸ್ಯೂಸ್ ಹಡಗಿನ ಕಂಬಕ್ಕೆ ಕಟ್ಟಿಸಿಕೊಂಡು ಹಾಡು ಕೇಳಿ ಪಾರಾಗುತ್ತಾನೆ, ಒಬ್ಬಳು ಸೈರನ್ ಕಣ್ಣು ಮುಚ್ಚಿ ತಲೆಕೆಳಗಾಗಿ ಬೀಳುತ್ತಾಳೆ. ತಟ್ಟೆಯಲ್ಲಿ ಅವಳೊಬ್ಬಳೇ ಇದ್ದಾಳೆ. ಇಲ್ಲಿ ಹಕ್ಕಿಯೂ ಸರಿ, ಹೆಣ್ಣೂ ಸರಿ. ಬೀಳುವಾಗಲೂ ರೆಕ್ಕೆ ಬಿಚ್ಚಿದೆ. ನನ್ನನ್ನು ಕೇಳಿದರೆ ದುಡ್ಡಿಗೆ ಮೋಸವಿಲ್ಲದ್ದು ಇದೇ.

ಅದೇ ಕಪಾಟಿನಲ್ಲಿ ಒಂದು ಉದ್ದ ಕತ್ತಿನ ಎಣ್ಣೆ ಕುಡಿಕೆಯೂ ಇತ್ತು. ಕುರ್ಚಿಯಲ್ಲಿ ಹೆಂಗಸು, ಪಕ್ಕದಲ್ಲಿ ಉಣ್ಣೆ ಬುಟ್ಟಿ, ಮುಂದೆ ಮನೆಯವರ ಹಾಗೆ ನಿಂತ ಕೊಕ್ಕರೆ. ಕೊಕ್ಕರೆಯ ಕಾಲನ್ನು ಒಂದೇ ಎಳೆತದಲ್ಲಿ ಬರೆದಿದ್ದರು. ಸೂಟ್‌ಕೇಸಿನಲ್ಲಿ ಒಡೆದೀತು ಅಂತ ಹೆದರಿ ಸುಮ್ನೆ ಬಿಟ್ಟು ಬಂದೆ. ಬಟ್ಟಲು, ತಟ್ಟೆ ಎರಡೂ ಶಿವಮೊಗ್ಗದವರೆಗೆ ಒಂದು ಗೀರೂ ಬೀಳದೆ ಬಂದವು. ಅದನ್ನೂ ತರಬಹುದಿತ್ತು.